ಬರೆ ಬಿದ್ದ ಮನಸ್ಸಾಕ್ಷಿ: ಒಂದು ಪದವಿಮರ್ಶೆ

ಮೇಲ್ಮೈ ಸುಡುವುದನ್ನು ಹೇಳಲು ಕನ್ನಡದಲ್ಲಿ ಒಂದೇ ಪದವಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ಉರಿ ತಾಗಿದ ಕೂದಲು ಕಮರುತ್ತದೆ. ಕಾಯಿಸಿದ ಕಬ್ಬಿಣ ಮುಟ್ಟಿದ ಚರ್ಮದ ಮೇಲೆ ಬರೆ ಬೀಳುತ್ತದೆ. ಪವಿತ್ರ ಗ್ರಂಥದಲ್ಲಿಯೂ ಇಂಥ ಭೇದವಿದೆ. ಕುಲುಮೆಯಿಂದ ಹೊರಬಂದ ಮೂವರ ತಲೆಗೂದಲು ಕಮರಿರಲಿಲ್ಲವೆಂದು ದಾನಿಯೇಲನ ಗ್ರಂಥ (3:27) ಹೇಳುವಾಗ ಬಳಸಿದ್ದು ಒಂದು ಅರಮಾಯಿಕ್ ಕ್ರಿಯಾಪದ. ಬೇರಿಲ್ಲದ ಸಸಿ ಬಿಸಿಲಿಗೆ ಬೆಂದದ್ದನ್ನು ಮಾರ್ಕನು (4:6) 'ಕೌಮತಿಝೋ' ಎಂಬ ಗ್ರೀಕ್ ಪದದಿಂದ ಸೂಚಿಸುತ್ತಾನೆ. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ (4:2) ಮನಸ್ಸಾಕ್ಷಿಯ ಕುರಿತು ಬರುವ 'ಕೌಸ್ತೆರಿಯಝೋ' ಎಂಬ ಪದವಂತೂ ಹೊಸ ಒಡಂಬಡಿಕೆಯಲ್ಲಿ ಮತ್ತೆಲ್ಲಿಯೂ ಇಲ್ಲ.

ಈ ಕೊನೆಯ ಪದಕ್ಕೆ ಎರಡು ಅರ್ಥಗಳನ್ನು ಹೇಳುವುದುಂಟು: ಅಪರಾಧಿಗೆ ಹಾಕಿದ ಗುರುತು; ಸುಟ್ಟು ಸ್ಪರ್ಶಜ್ಞಾನ ಕಳೆದುಕೊಂಡ ಸ್ಥಿತಿ. ಕನ್ನಡದ 'ಬರೆ' ಮೊದಲನೆಯದನ್ನು ಚೆನ್ನಾಗಿ ಹೇಳುತ್ತದೆ, ಎರಡನೆಯದನ್ನು ಹೇಳುವುದಿಲ್ಲ. ಆದುದರಿಂದಲೇ ಪ್ರಬೋಧಕನು ಈ ವಚನವನ್ನು ಸುಲಭವಾಗಿ ಅಪರಾಧಿಗಳ ಕಡೆಗೆ ತಿರುಗಿಸಿಬಿಡುತ್ತಾನೆ. ಬೆಳಗಾವಿಯ ಬಳಿಯ ಹಿಂಡಲಗಾ ಎಂದೊಡನೆ ಅಲ್ಲಿನ ಕೇಂದ್ರ ಕಾರಾಗೃಹವೇ ನೆನಪಾಗುವಂತೆ ಆ ಊರಿನ ಹೆಸರಿಗೂ ಒಂದು ಬರೆ ಬಿದ್ದಿದೆ. ಆದರೆ ಪತ್ರದ ಮಾತು ಸೆರೆಮನೆಯಲ್ಲಿರುವವರನ್ನು ಕುರಿತದ್ದಲ್ಲ. ವಿವಾಹವನ್ನು ನಿಷೇಧಿಸಿ, ಕೆಲವು ಆಹಾರಗಳನ್ನು ವರ್ಜಿಸಬೇಕೆಂದು ಕಪಟದಿಂದ ಬೋಧಿಸುವವರನ್ನು ಕುರಿತದ್ದು. ಬರೆ ಬಿದ್ದಿರುವುದು ಬೋಧಕನ ಮನಸ್ಸಾಕ್ಷಿಗೆ.

ಇಲ್ಲಿ ವೈದ್ಯರ ತಿಳಿವಳಿಕೆ ನೆರವಾಗುತ್ತದೆ. ಮೇಲ್ಪದರ ಮಾತ್ರ ಸುಟ್ಟಾಗ ನೋವು ತೀವ್ರ, ಏಕೆಂದರೆ ನರಗಳು ಜೀವಂತವಾಗಿವೆ. ಚರ್ಮದ ಪೂರ್ಣ ಆಳಕ್ಕೆ ಸುಟ್ಟಲ್ಲಿ ನರತುದಿಗಳೇ ನಾಶವಾಗಿ ನೋವು ತಿಳಿಯದು. ತನ್ನ ಕೃತ್ಯವನ್ನು ನೆನೆದು ಕೊರಗುವ ಕೈದಿಯ ಮನಸ್ಸಾಕ್ಷಿ ಬೆಂದಿರಬಹುದು, ಸತ್ತಿಲ್ಲ. ಪಾಪದ ರೂಢಿಯಿಂದ ಮನಸ್ಸಾಕ್ಷಿ ಕ್ರಮೇಣ ಕುರುಡಾಗುತ್ತದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಗೌದಿಯುಮ್ ಎತ್ ಸ್ಪೆಸ್' (1965) ತನ್ನ 16ನೆಯ ಪರಿಚ್ಛೇದದಲ್ಲಿ ಎಚ್ಚರಿಸುವುದು ಎರಡನೆಯ ಸ್ಥಿತಿಯನ್ನು. ಆದರೆ ನೋವೇ ಪಶ್ಚಾತ್ತಾಪವಲ್ಲ: ಪ್ರಕಟನೆಯಲ್ಲಿ (16:9) ಮಹಾತಾಪಕ್ಕೆ ಬೆಂದವರು ದೇವರನ್ನು ದೂಷಿಸಿದರೇ ಹೊರತು ಮನಸ್ಸು ತಿರುಗಿಸಲಿಲ್ಲ. ನೋವು ದಾರಿಯನ್ನು ತೆರೆಯುತ್ತದೆ, ಅಷ್ಟೆ. ಆ ದಾರಿಯಲ್ಲಿ ಜೊತೆಗೆ ನಡೆಯುವುದು ಗುರುವಿನ ಸೇವೆ.

ಆದುದರಿಂದ 'ಬರೆ' ಎಂಬ ಪದವನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ 'ಜಡ್ಡುಗಟ್ಟಿದ' ಎಂಬ ಅರ್ಥವನ್ನೂ ವಿವರಿಸಬೇಕು, ವಚನವನ್ನು ಮೊದಲು ಪೀಠದ ಮೇಲೆ ನಿಂತವನಿಗೇ ಓದಬೇಕು. ಪ್ರತಿವಾರ ಪಾಪನಿವೇದನೆಯನ್ನು ಆಲಿಸುವ ನಾವು, ಕೇಳಿದ ಮಾತು ನಮ್ಮನ್ನು ಇನ್ನೂ ತಟ್ಟುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳದೆ, ಹಿಂಡಲಗಾದ ಗೋಡೆಗಳೊಳಗೆ ಇರುವವರಿಗೆ ಈ ವಚನವನ್ನು ಬೋಧಿಸಲಾಗದು.