ಪಕ್ಷಾಘಾತಪೀಡಿತರ ರಂಗಪ್ರಯೋಗಗಳು

ಮಿದುಳಿನ ರಕ್ತನಾಳವು ಮುಚ್ಚಿಹೋಗುವುದರಿಂದಾಗಲಿ ಒಡೆಯುವುದರಿಂದಾಗಲಿ ಸಂಭವಿಸುವ ವ್ಯಾಧಿಯನ್ನು ಜನರು ಲಕ್ವವೆಂದೂ ಪಾರ್ಶ್ವವಾಯುವೆಂದೂ ಕರೆಯುವರು. ಚರಕಸಂಹಿತೆಯಲ್ಲಿ ಇದಕ್ಕೆ ಪಕ್ಷವಧವೆಂದು ಹೆಸರು. ದೇಹದ ಎಡಪಕ್ಕವೋ ಬಲಪಕ್ಕವೋ ಚೇಷ್ಟೆಯಡಗಿ ಬೀಳುವುದನ್ನು ಹೇಳುವಾಗಲೇ ಚರಕನು ವಾಕ್‌ಸ್ತಂಭವನ್ನೂ ಲಕ್ಷಣಗಳಲ್ಲಿ ಎಣಿಸಿರುವನು. ಈಗಿನ ವೈದ್ಯರು ಅಫೇಸಿಯವೆಂದು ಹೇಳುವ ವಾಗ್ಭಂಗವು ಈ ವ್ಯಾಧಿಯಿಂದ ಬದುಕುಳಿದವರಲ್ಲಿ ಸುಮಾರು ಮೂವರಲ್ಲೊಬ್ಬರನ್ನು ಬಾಧಿಸುವುದೆಂದು ಗಣನೆಯಿದೆ. ಇಂಥವರನ್ನು ಒಟ್ಟುಗೂಡಿಸಿ ಹಾಡು, ಕುಣಿತ, ಕಥನ, ಅಭಿನಯಗಳಲ್ಲಿ ತೊಡಗಿಸುವ ಕಾರ್ಯವು ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ಪ್ರಬಲವಾಗಿದೆ. ಲಂಡನ್ ನಗರದ ರೋಸೆಟಾ ಲೈಫ್ ಎಂಬ ಸಂಸ್ಥೆಯ 'ಸ್ಟ್ರೋಕ್ ಒಡಿಸೀಸ್' ಇವುಗಳಲ್ಲಿ ಗಣ್ಯವಾದುದು. ಇಲ್ಲಿ ಪಕ್ಷಾಘಾತಕ್ಕೆ ಗುರಿಯಾದವರು ಕಲಾವಿದರೊಡನೆ ಕೂಡಿ, ತಮಗೆ ಸಂಭವಿಸಿದುದನ್ನೇ ವಸ್ತುವಾಗಿ ಇಟ್ಟುಕೊಂಡು ಹಾಡನ್ನೂ ಚಲನೆಯನ್ನೂ ಕಟ್ಟುತ್ತಾರೆ. ಸಭಿಕರ ಮುಂದೆ ಪ್ರಯೋಗಿಸುತ್ತಾರೆ. ಅವರಲ್ಲಿ ಕೆಲವರು ಈ ಕಾರ್ಯದ ರಾಯಭಾರಿಗಳಾಗಿ ಇತರರಿಗೆ ನೆರವಾಗುತ್ತಾರೆ. 2019ರಲ್ಲಿ ವೆಲ್‌ಕಮ್ ಟ್ರಸ್ಟಿನ ದ್ರವ್ಯಸಹಾಯವನ್ನು ಪಡೆದ 'ಷೇಪರ್' ಎಂಬ ಸಂಶೋಧನ ಯೋಜನೆಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರೂ ಯೂನಿವರ್ಸಿಟಿ ಕಾಲೇಜಿನವರೂ ಪರೀಕ್ಷೆಗೆ ಆರಿಸಿಕೊಂಡ ಮೂರು ಕಲಾಕಾರ್ಯಗಳಲ್ಲಿ ಇದೂ ಒಂದು.

ಈ ಪ್ರಯೋಗಗಳ ವಿಷಯದಲ್ಲಿ ತೀರ್ಪು ಹೇಳುವವರು ಎರಡು ಪಕ್ಷವಾಗಿದ್ದಾರೆ. ವೈದ್ಯರು ಹಾಡಿನಿಂದ ಕಾಲು ಎಷ್ಟು ಆಡಿತು, ಮಾತು ಎಷ್ಟು ಮರಳಿತು ಎಂದು ಅಳೆಯುತ್ತಾರೆ. ಪ್ರೇಕ್ಷಕರು ರಂಗದ ಮೇಲೆ ನಿಂತವನ ಅವಸ್ಥೆಯನ್ನು ಕಂಡು ಮರುಗಿ, ಎದ್ದುನಿಂತು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ಮೊದಲನೆಯವರಿಗೆ ಇದು ಔಷಧ, ಎರಡನೆಯವರಿಗೆ ದಯೆಗೆ ವಿಷಯ. ಪ್ರಯೋಗವು ಪ್ರಯೋಗವಾಗಿ ಹೇಗಿತ್ತು, ಹಾಡು ಕಟ್ಟಿದ್ದು ಚೆನ್ನಾಗಿತ್ತೇ, ಎಲ್ಲಿ ಸಡಿಲವಾಯಿತು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಕರುಣರಸಕ್ಕೂ ಕನಿಕರಕ್ಕೂ ಭೇದವನ್ನು ಬಲ್ಲ ನಮ್ಮ ಸಾಹಿತ್ಯೋಪಾಧ್ಯಾಯರಿಗೆ ಇದು ಸಣ್ಣ ಲೋಪವಾಗಿ ತೋರಲಾರದು. ವಿಮರ್ಶೆಯಿಂದ ವಿನಾಯಿತಿ ಪಡೆದ ಕಲಾವಿದನನ್ನು ಯಾರೂ ಕಲಾವಿದನೆಂದು ಒಪ್ಪಿಲ್ಲವೆಂದೇ ಅರ್ಥ.

ಮೊದಲು ವೈದ್ಯಪಕ್ಷವನ್ನು ನೋಡಬೇಕು. ಅವರ ಸಾಧನೆಯು ಅಲ್ಪವಲ್ಲ. 1997ರಲ್ಲಿ ಮೈಕೇಲ್ ಥೌಟ್ ಮೊದಲಾದವರು ಪಕ್ಷಾಘಾತಪೀಡಿತರನ್ನು ತಾಳಕ್ಕೆ ಸರಿಯಾಗಿ ನಡೆಸಿದರೆ ಹೆಜ್ಜೆಯ ವೇಗವೂ ಸಮತೆಯೂ ಹೆಚ್ಚುವುದನ್ನು ತೋರಿಸಿಕೊಟ್ಟರು. 2008ರಲ್ಲಿ ಫಿನ್ಲೆಂಡಿನ ಸರ್ಕಮೊ ಮತ್ತು ಅವರ ಸಂಗಡಿಗರು 60 ಮಂದಿ ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಅವರವರು ಮೆಚ್ಚಿದ ಸಂಗೀತವನ್ನೂ, ಇನ್ನೊಂದಕ್ಕೆ ಓದಿ ಧ್ವನಿಮುದ್ರಿಸಿದ ಪುಸ್ತಕಗಳನ್ನೂ ಎರಡು ತಿಂಗಳ ಕಾಲ ದಿನವೂ ಕೇಳಿಸಿದರು. ಮೂರನೆಯದಕ್ಕೆ ಎರಡೂ ಇಲ್ಲ. ಸಂಗೀತವನ್ನು ಕೇಳಿದವರಲ್ಲಿ ಮಾತಿನ ನೆನಪೂ ಏಕಾಗ್ರತೆಯೂ ಮಿಕ್ಕವರಿಗಿಂತ ಹೆಚ್ಚಾಗಿ ಸುಧಾರಿಸಿದುವು. ಕಾವ್ಯಪಾಠಕರ ಅಭಿಮಾನಕ್ಕೆ ಇದರಿಂದ ಸ್ವಲ್ಪ ಭಂಗ ಬಂದಿತಾದರೂ ಫಲವನ್ನು ಒಪ್ಪಲೇಬೇಕು. ಆದರೆ ಇಲ್ಲಿ ರೋಗಿಯು ಶ್ರೋತೃಮಾತ್ರನೆಂಬುದನ್ನೂ, ಅವನು ಹಾಡಲಿಲ್ಲ, ಕುಣಿಯಲಿಲ್ಲವೆಂಬುದನ್ನೂ ಮರೆಯಬಾರದು. 2017ರಲ್ಲಿ ಕಾಕ್ರೇನ್ ಸಂಸ್ಥೆಯವರು ಮಿದುಳಿನ ಆಘಾತಗಳಲ್ಲಿ ಸಂಗೀತದ ಉಪಯೋಗವನ್ನು ಕುರಿತ 29 ಪರೀಕ್ಷೆಗಳನ್ನು, ಒಟ್ಟು 775 ಮಂದಿಯ ವೃತ್ತಾಂತವನ್ನು, ಒಂದೆಡೆ ತೂಗಿ ನೋಡಿದಾಗ ನಡಿಗೆಯಲ್ಲಿಯೂ ಕೈಯ ಚಲನೆಯಲ್ಲಿಯೂ ಸಂವಹನದಲ್ಲಿಯೂ ಪ್ರಯೋಜನವಿರಬಹುದೆಂದು ಕಂಡಿತು. ಇರಬಹುದೆಂಬ ಕ್ರಿಯಾಪದವನ್ನು ಗಮನಿಸಬೇಕು. ಇನ್ನೂ ದೊಡ್ಡ, ಇನ್ನೂ ಬಿಗಿಯಾದ ಪರೀಕ್ಷೆಗಳು ಬೇಕೆಂದು ಅವರೇ ಹೇಳಿರುವರು. ಕಲಾಕಾರ್ಯಗಳ ಪ್ರಚಾರಕರು ಮಾತ್ರ ಈ ಸಂಭಾವನೆಯನ್ನು ಸಿದ್ಧಾಂತವಾಗಿ ಉಪಯೋಗಿಸುವುದುಂಟು. ಹಾಗೆ ಮಾಡಿದವರಿಗೆ ಒಂದು ಅಪಾಯವು ಕಾದಿದೆ: ವಾಸಿಮಾಡುವುದೆಂದು ಹೇಳಿ ಹಣವನ್ನು ಪಡೆದ ಕಾರ್ಯವು, ಮುಂದೊಂದು ಪರೀಕ್ಷೆಯಲ್ಲಿ ವಾಸಿಮಾಡಲಿಲ್ಲವೆಂದು ಕಂಡರೆ, ಅದು ನಿಜವಾಗಿ ಕೊಡುತ್ತಿದ್ದ ವಸ್ತುವಿನೊಡನೆ ನಿಂತುಹೋಗುವುದು.

ಮಾತು ಕಳೆದುಕೊಂಡವನು ಹಾಡಬಲ್ಲನೆಂಬ ಸಂಗತಿಯು ಈ ಪ್ರಚಾರದ ಮುಖ್ಯ ಆಧಾರವಾಗಿರುವುದರಿಂದ ಇದನ್ನು ಸ್ವಲ್ಪ ವಿಸ್ತರವಾಗಿ ಪರಿಶೀಲಿಸಬೇಕು. ಸಂಗತಿಯೇನೋ ಹಳೆಯದು. 1745ರಲ್ಲಿಯೇ ಸ್ವೀಡನ್ ದೇಶದ ಓಲೋಫ್ ಡಾಲಿನ್, ಬಲಪಕ್ಕ ಬಿದ್ದುಹೋಗಿ ಹೌದೆಂಬುದೊಂದನ್ನುಳಿದು ಬೇರೆ ಮಾತಾಡಲಾರದ ಒಬ್ಬನು ತಾನು ಮೊದಲು ಕಲಿತ ಕೀರ್ತನೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದನೆಂದು ಬರೆದಿಟ್ಟಿರುವನು. ಇದು ರಾಗದ ಮಹಿಮೆಯೆಂದು ಬಹುಕಾಲ ನಂಬಿದ್ದರು. 2011ರಲ್ಲಿ ಜರ್ಮನಿಯ ಸ್ಟಾಲ್ ಮೊದಲಾದವರು 17 ಮಂದಿಯನ್ನು ಪರೀಕ್ಷಿಸಿ, ರಾಗಕ್ಕಿಂತ ಲಯವೂ, ಮೊದಲೇ ಬಾಯಿಗೆ ಬಂದಿರುವ ಪದಗಳ ಪರಿಚಯವೂ ಇಲ್ಲಿ ಹೆಚ್ಚಿನ ಕಾರಣಗಳೆಂದು ತೋರಿಸಿದರು. ಪಾಠಶಾಲೆಯಲ್ಲಿ ಅಮರವನ್ನೂ ಶಬ್ದಮಂಜರಿಯನ್ನೂ ಕಂಠಪಾಠ ಮಾಡಿದವರಿಗೆ ಇದು ಅಪೂರ್ವವಾದ ವಾರ್ತೆಯಲ್ಲ. ಅರ್ಥವನ್ನು ಕೇಳಿದರೆ ತಡವರಿಸುವ ಬಾಲಕನು ಶ್ಲೋಕವನ್ನು ಹಿಡಿದರೆ ಕೊನೆಯವರೆಗೂ ನಿಲ್ಲುವುದಿಲ್ಲ. ಆದರೆ ಡಾಲಿನ್ ಕಂಡ ರೋಗಿಯು ಕೀರ್ತನೆಯನ್ನು ಹಾಡುತ್ತಿದ್ದನೇ ಹೊರತು ಬಾಯಾರಿದಾಗ ನೀರನ್ನು ಕೇಳಲಾರನಾಗಿದ್ದನು. ಬಲ್ಲ ಹಾಡು ಬೇರೆ, ಹೇಳಬೇಕಾದ ಮಾತು ಬೇರೆ. ಈ ಅಂತರವನ್ನು ದಾಟಿಸುವ ಉದ್ದೇಶದಿಂದಲೇ 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬವರು ಒಂದು ಕ್ರಮವನ್ನು ಪ್ರಕಟಿಸಿದರು. ನಿತ್ಯೋಪಯೋಗದ ಸಣ್ಣ ವಾಕ್ಯಗಳನ್ನು ಏರಿಳಿತದ ಸ್ವರಗಳಲ್ಲಿ, ಎಡಗೈಯಿಂದ ತಾಳವನ್ನು ಹಾಕುತ್ತ ಹೇಳಿಸಿ, ಬರಬರುತ್ತ ಸ್ವರವನ್ನು ಹಿಂದೆಗೆಯುವುದೇ ಅದರ ವಿಧಾನ. ಅದು ಶುದ್ಧವಾಗಿ ಚಿಕಿತ್ಸೆ. ಮೇಳದಲ್ಲಿ ಕುಳಿತು ಹಳೆಯ ಹಾಡನ್ನು ಹಾಡುವುದಕ್ಕೆ ಅದರ ಫಲವನ್ನು ಆರೋಪಿಸುವುದು ನ್ಯಾಯವಲ್ಲ. ಮತ್ತೆ ಕೆಲವರು ಭರ್ತೃಹರಿಯನ್ನು ಸ್ಮರಿಸಿ, ರೋಗಿಯಲ್ಲಿ ಮಧ್ಯಮಾವಾಕ್ಕು ಅಖಂಡವಾಗಿದೆ, ವೈಖರಿಯೊಂದೇ ಕುಂಠಿತವಾಗಿದೆ ಎಂದು ಹೇಳಬಹುದು. ಉಕ್ತಿಯು ಸೊಗಸಾಗಿದ್ದರೂ ವಾಸ್ತವಕ್ಕೆ ಪೂರ್ಣವಾಗಿ ಒಪ್ಪದು. ಪರರ ಮಾತಿನ ಅರ್ಥವೇ ತಿಳಿಯದಂತಾಗುವ ವಾಗ್ಭಂಗವೂ ಉಂಟು.

ಹಾಗಾದರೆ ಈ ಪ್ರಯೋಗಗಳು ಕೊಡುವುದೇನು? ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ದುಃಖದಿಂದಲೂ ಶ್ರಮದಿಂದಲೂ ಶೋಕದಿಂದಲೂ ಆರ್ತರಾದವರಿಗೆ ನಾಟ್ಯವು ವಿಶ್ರಾಂತಿಯನ್ನುಂಟುಮಾಡುವುದೆಂದು ಹೇಳಿದೆ. ಆರೋಗ್ಯವೆನ್ನಲಿಲ್ಲ. ಅದರ ಮಗ್ಗುಲಲ್ಲಿಯೇ ಆಯುಷ್ಯವನ್ನು ಕೊಡತಕ್ಕದ್ದೆಂಬ ವಿಶೇಷಣವಿದೆಯಲ್ಲಾ ಎಂದರೆ, ಯಶಸ್ಸು ಬುದ್ಧಿಗಳೊಡನೆ ಪಠಿತವಾದ ಅದನ್ನು ಮೀಮಾಂಸಕರ ರೀತಿಯಲ್ಲಿ ಅರ್ಥವಾದವೆಂದು ಗ್ರಹಿಸುವುದು ಯುಕ್ತ. ಇದಕ್ಕಿಂತ ಉಪಯುಕ್ತವಾದ ಮಾತು ಅಭಿನವಗುಪ್ತನಲ್ಲಿದೆ. ಆತನು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ವಿಘ್ನಗಳನ್ನೆಣಿಸುವಾಗ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಒಂದು ವಿಘ್ನವಾಗಿ ಹೇಳಿ, ಅದರ ಪರಿಹಾರಕ್ಕಾಗಿಯೇ ಗಾನ, ವಾದ್ಯ, ರಂಗಮಂಟಪದ ವೈಚಿತ್ರ್ಯ ಮೊದಲಾದುವು ಏರ್ಪಟ್ಟಿವೆಯೆನ್ನುವನು. ಪಕ್ಷಾಘಾತಪೀಡಿತನಿಗಿಂತ ಹೆಚ್ಚಾಗಿ ಸ್ವದುಃಖಕ್ಕೆ ವಶನಾದವನು ಯಾರು? ನಿನ್ನೆ ನಡೆದವನು ಇಂದು ನಡೆಯಲಾರನು. ಹೆಂಡತಿಯ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಅವನಿಗೆ ಗಾನವೂ ತಾಳವೂ ಆ ವಿಘ್ನವನ್ನು ಒಂದು ಗಳಿಗೆ ಸರಿಸಿದರೆ, ತನ್ನ ದುಃಖವನ್ನು ಒಂದು ವಸ್ತುವಿನಂತೆ ಎದುರಿಗಿಟ್ಟು ನೋಡುವ ಶಕ್ತಿಯು ಹುಟ್ಟುವುದು.

ಭವಭೂತಿಯ ಉತ್ತರರಾಮಚರಿತದ ಏಳನೆಯ ಅಂಕವು ಇದಕ್ಕೆ ವಿರುದ್ಧದೃಷ್ಟಾಂತ. ವಾಲ್ಮೀಕಿಯು ರಚಿಸಿ ಅಪ್ಸರೆಯರಿಂದ ಆಡಿಸಿದ ಒಳನಾಟಕದಲ್ಲಿ ರಾಮನು ತನ್ನ ಕಥೆಯನ್ನೇ ನೋಡುತ್ತ, ಅದು ನಾಟಕವೆಂಬುದನ್ನು ಮರೆಯುತ್ತಾನೆ. ಲಕ್ಷ್ಮಣನು ನೆನಪು ಮಾಡಿಕೊಟ್ಟರೂ ಪ್ರಯೋಜನವಾಗದೆ ಮೂರ್ಛೆಹೋಗುತ್ತಾನೆ. ತನ್ನ ದುಃಖವನ್ನು ಪರರು ಅಭಿನಯಿಸಿದಾಗ ನೋಡುವವನ ಪಾಡು ಅದು. ಯವನಕವಿ ಹೋಮರನು ಇದರ ಮುಂದಿನ ಮೆಟ್ಟಿಲನ್ನೂ ತೋರಿಸಿದ್ದಾನೆ. ಒಡಿಸ್ಸಿ ಕಾವ್ಯದ ನಾಯಕನು ಪರದೇಶದ ರಾಜಸಭೆಯಲ್ಲಿ ಡೆಮೊಡೊಕಸ್ ಎಂಬ ಕುರುಡುಗಾಯಕನ ಬಾಯಿಂದ ತನ್ನ ಕಥೆಯನ್ನೇ ಕೇಳಿ ಮುಖಕ್ಕೆ ಮುಸುಕೆಳೆದು ಅಳುತ್ತಾನೆ. ಆಮೇಲೆ ತಾನೇ ಹೆಸರನ್ನು ಹೇಳಿಕೊಂಡು ಕಥೆಯನ್ನು ಆರಂಭಿಸುತ್ತಾನೆ. ಹೇಳತೊಡಗಿದ ಮೇಲೆ ಸಭೆಯೇ ಅವನ ವಶವಾಗುವುದು. ಲಂಡನ್ನಿನವರು ತಮ್ಮ ಕಾರ್ಯಕ್ಕೆ ಈ ಕಾವ್ಯದ ಹೆಸರನ್ನಿಟ್ಟಿರುವುದು ಮೇಲುನೋಟಕ್ಕೆ ದುಷ್ಟೋಪಮೆಯಂತೆ ತೋರುವುದು. ಯುಲಿಸೀಸನು ಮನೆಗೆ ಮರಳಿದನು, ಪಕ್ಷಾಘಾತಪೀಡಿತನು ತನ್ನ ಹಳೆಯ ದೇಹಕ್ಕೆ ಮರಳಲಾರನಷ್ಟೆ. ಆದರೆ ಮರಳಿದವನನ್ನು ಮನೆಯವರೇ ಗುರುತಿಸಲಿಲ್ಲವೆಂಬುದನ್ನೂ, ಮುದುಕಿಯಾದ ದಾದಿಯು ಕಾಲಿನ ಹಳೆಯ ಗಾಯದ ಕಲೆಯಿಂದಲೇ ಅವನನ್ನು ಕಂಡುಹಿಡಿದಳೆಂಬುದನ್ನೂ ಸ್ಮರಿಸಿದರೆ ಉಪಮಾನವು ಸಾರ್ಥಕವೇ ಆಗಿದೆ.

ಪರರು ಹೇಳುವುದಕ್ಕೂ ತಾನೇ ಹೇಳುವುದಕ್ಕೂ ಇರುವ ಈ ಭೇದವು ಅಮೆರಿಕೆಯ ಎರಡು ನಾಟಕಗಳಲ್ಲಿ ಪ್ರತ್ಯಕ್ಷವಾಗಿದೆ. ಆರ್ಥರ್ ಕೋಪಿಟನ ತಂದೆಗೆ 1976ರಲ್ಲಿ ಪಕ್ಷಾಘಾತವಾಯಿತು. ಆ ಚಿಕಿತ್ಸಾಲಯದಲ್ಲಿ ಕಂಡ ರೋಗಿಗಳ ಸ್ಮೃತಿಯಿಂದ ಅವನು ರಚಿಸಿದ 'ವಿಂಗ್ಸ್' 1978ರಲ್ಲಿ ರಂಗಕ್ಕೆ ಬಂದಿತು. ಅದರ ನಾಯಿಕೆ ಶ್ರೀಮತಿ ಸ್ಟಿಲ್ಸನ್, ಯೌವನದಲ್ಲಿ ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆದು ಸಾಹಸ ತೋರಿಸುತ್ತಿದ್ದವಳು. ಆಕೆಗೆ ವೈದ್ಯರ ಮಾತು ಗೊಂದಲದ ಶಬ್ದವಾಗಿ ಕೇಳಿಸುವಾಗ ಪ್ರೇಕ್ಷಕರಿಗೂ ಹಾಗೆಯೇ ಕೇಳಿಸುವಂತೆ ಕವಿಯು ಯೋಜಿಸಿರುವುದು ಪ್ರಶಂಸನೀಯ. ಸಾಧಾರಣೀಕರಣಕ್ಕೆ ಇಷ್ಟು ಸಾಹಸದ ಉದಾಹರಣೆಗಳು ವಿರಳ. ಆ ಪಾತ್ರವನ್ನು ವಹಿಸಿದ ಕಾನ್‌ಸ್ಟನ್ಸ್ ಕಮಿಂಗ್ಸ್ ಎಂಬ ನಟಿಗೆ 1979ರಲ್ಲಿ ಟೋನಿ ಪ್ರಶಸ್ತಿ ದೊರೆಯಿತು. ನಾಟಕವು ಉತ್ತಮವಾದುದು, ಆದರೂ ಇದು ಡೆಮೊಡೊಕಸನ ಹಾಡು.

ಇನ್ನೊಂದು ಜೋಸೆಫ್ ಚೈಕಿನ್ (1935–2003) ಎಂಬ ನಟನಿರ್ದೇಶಕನದು. 1963ರಲ್ಲಿ ನ್ಯೂಯಾರ್ಕಿನಲ್ಲಿ ಓಪನ್ ಥಿಯೇಟರನ್ನು ಸ್ಥಾಪಿಸಿ ಪ್ರಸಿದ್ಧನಾದ ಈತನಿಗೆ 1984ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಪಕ್ಷಾಘಾತವಾಗಿ ವಾಗ್ಭಂಗವುಂಟಾಯಿತು. ಮೊದಲೇ ಸ್ಯಾಮ್ ಶೆಪರ್ಡನೊಡನೆ ಆರಂಭಿಸಿದ್ದ 'ದಿ ವಾರ್ ಇನ್ ಹೆವನ್' ಎಂಬ ಏಕಪಾತ್ರದ ಕೃತಿಯನ್ನು ಆಮೇಲೆ ಆ ಮುರಿದ ಮಾತಿಗೆ ಹೊಂದುವಂತೆ ಮುಗಿಸಿದರು: ಸ್ವರ್ಗದಿಂದ ಭೂಮಿಗೆ ಬಿದ್ದ ದೇವದೂತನೊಬ್ಬನು ತುಂಡುವಾಕ್ಯಗಳಲ್ಲಿ ಮಾತಾಡುತ್ತಾನೆ. ಪಾತ್ರದ ಪತನವೂ ನಟನ ವಾಕ್ಯಭಂಗವೂ ಒಂದಕ್ಕೊಂದು ಪೋಷಕವಾಗಿ, ದೋಷವೆಂದು ತೋರಬೇಕಾದುದು ಔಚಿತ್ಯವಾಗಿ ಪರಿಣಮಿಸಿದೆ. ಝಾನ್ ಕ್ಲೋಡ್ ವಾನ್ ಇಟಾಲಿಯೊಡನೆ ಕೂಡಿ ರಚಿಸಿದ 'ಸ್ಟ್ರಕ್ ಡಂಬ್' ಎಂಬ ಕೃತಿಯಲ್ಲಿ ವಾಗ್ಭಂಗಕ್ಕೊಳಗಾದ ಗಾಯಕನೇ ಪಾತ್ರ. ಇಲ್ಲಿ ರೋಗವು ವಾಸಿಯಾಗಲಿಲ್ಲ. ಚೈಕಿನ್ ಕೊನೆಯವರೆಗೂ ವಾಗ್ಭಂಗದೊಡನೆಯೇ ಇದ್ದು, ಅಭಿನಯಿಸಿದನು, ನಾಟಕಗಳನ್ನು ನಿರ್ದೇಶಿಸಿದನು. ರಷ್ಯದ ವಾಗ್ಗೇಯಕಾರ ಶೆಬಾಲಿನನೂ 1953 ಮತ್ತು 1959ರ ಆಘಾತಗಳಿಂದ ಮಾತಿಗೂ ಗ್ರಹಿಕೆಗೂ ಎರವಾಗಿ, ಐದನೆಯ ಸಿಂಫನಿಯನ್ನು 1962ರಲ್ಲಿ ಮುಗಿಸಿದನು. ವಾಸಿಯಾದರೇ ಎಂಬ ಪ್ರಶ್ನೆಯೊಂದನ್ನೇ ಕೇಳುವ ಮಾಪನದಲ್ಲಿ ಈ ಇಬ್ಬರಿಗೂ ದೊರೆಯುವ ಅಂಕಗಳು ಅತ್ಯಲ್ಪ.

ವೈಯಾಕರಣರು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆನ್ನುತ್ತಾರೆ. ಆಸ್ಪತ್ರೆಯಲ್ಲಿ ಮಲಗಿದವನನ್ನು ಕುರಿತ ವಾಕ್ಯಗಳನ್ನು ಪರಿಶೀಲಿಸಿದರೆ ಅವನು ಎಲ್ಲೆಲ್ಲಿಯೂ ಕರ್ಮ: ಅವನನ್ನು ಮಗ್ಗುಲು ತಿರುಗಿಸಿದರು, ಅವನನ್ನು ಪರೀಕ್ಷಿಸಿದರು, ಅವನನ್ನು ಮನೆಗೆ ಕಳುಹಿಸಿದರು. ಮನೆಯಲ್ಲಿಯೂ ಅವನ ಪರವಾಗಿ ಮಗನೋ ಸೊಸೆಯೋ ಉತ್ತರವನ್ನು ಹೇಳುವರು. ರಂಗದ ಮೇಲೆ ಮಾತ್ರ ಅವನು ಹಾಡಿದನು, ಅವನು ನಿಂತನು, ಅವನು ಮರೆತು ಮತ್ತೆ ಎತ್ತಿಕೊಂಡನು ಎಂದು ಹೇಳಬೇಕಾಗುವುದು. ಇಂಥ ಕಾರ್ಯಗಳ ಗುಣದೋಷಗಳನ್ನು ಈ ವಿಭಕ್ತಿಯಿಂದಲೇ ನಿರ್ಣಯಿಸಬಹುದು. ರೋಗಿಗಳು ಹೇಳಿದುದನ್ನು ಕಲಾವಿದರು ಎತ್ತಿಕೊಂಡು ತಮಗೆ ಬೇಕಾದಂತೆ ಹಾಡು ಕಟ್ಟಿ, ರೋಗಿಗಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರೆ ಅವರು ಮತ್ತೆ ಕರ್ಮಗಳೇ ಆದರು. ಕಂಠವು ನಡುಗಿದ ಕಡೆಯಲ್ಲೆಲ್ಲ ವಾದ್ಯಗಳನ್ನು ಏರಿಸಿ ಮುಚ್ಚುವುದೂ ಇದೇ ಜಾತಿಯ ತಪ್ಪು. ಸಹೃದಯನಿಗೆ ಕೇಳಬೇಕಾದುದು ಆ ನಡುಕವೇ. ಹಾಡು ಅದನ್ನು ತಾಳಿಕೊಳ್ಳುವಂತೆ ಕಟ್ಟಲ್ಪಟ್ಟಿತೇ ಇಲ್ಲವೇ ಎಂಬುದನ್ನು ವಿಮರ್ಶಕನು ನಿರ್ದಾಕ್ಷಿಣ್ಯವಾಗಿ ಹೇಳಬೇಕು.

ಒಂದು ಆಕ್ಷೇಪವು ಉಳಿಯುತ್ತದೆ. ತಾನೇ ಹೇಳಬೇಕೆಂಬ ನಿಯಮವು ಕಠಿನವಾದಷ್ಟೂ, ತೀವ್ರವಾದ ವಾಗ್ಭಂಗವುಳ್ಳವರು ಹೊರಗುಳಿಯುವರು. ಕಥೆಯನ್ನು ಚೆನ್ನಾಗಿ ಹೇಳಬಲ್ಲ, ಕಡಮೆ ನೊಂದವರೇ ಮುಂದೆ ಬರುವರು. ಇದಕ್ಕೆ ಚೈಕಿನ್ ಮಾಡಿಕೊಂಡ ಏರ್ಪಾಡನ್ನು ನೋಡಬೇಕು. ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳಲಾರದೆ, ಅವನು ಮಾತುಗಳನ್ನು ಕಣ್ಣಿಗೆ ಕಾಣುವಂತೆ ಮುಂದಿರಿಸಿಕೊಂಡು, ಒಂದೊಂದನ್ನೇ ಓದಿ ನುಡಿಯುತ್ತಿದ್ದನು. ಓದುತ್ತಿರುವನೆಂಬುದನ್ನು ಪ್ರೇಕ್ಷಕರಿಂದ ಮರೆಮಾಡುವ ಅಗತ್ಯವನ್ನು ಆ ಪಾತ್ರವೇ ಉಳಿಸಿರಲಿಲ್ಲ.