ಚುಕ್ಕಿಗೆ ಸಿಕ್ಕದ ಹೊಗೆ

ಬೇಸಿಗೆ ಕಾಲಿಟ್ಟಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಬೆಂಕಿಯ ಸಂದೇಶಗಳು ಬರತೊಡಗುತ್ತವೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹ ನೋಡಿ ಇಂಥ ಸುದ್ದಿ ಕೊಡುತ್ತಿದೆ. ಮೊದಲಿದ್ದ ಮೋಡಿಸ್ ಸಂವೇದಕಕ್ಕೆ ಒಂದು ಕಿಲೋಮೀಟರಿನ ಚೌಕವೇ ಕನಿಷ್ಠ ಅಳತೆ. ಆಮೇಲೆ ಬಂದ ವಿಯರ್ಸ್‌ಗೆ 375 ಮೀಟರು. ಹೆಸರು ನೋಂದಾಯಿಸಿದರೆ ಊರವರಿಗೂ ಸಂದೇಶ ಬರುತ್ತದೆ. ಈ ವ್ಯವಸ್ಥೆಯ ದೊಡ್ಡ ಗುಣ ಇದು.

ಆದರೆ 375 ಮೀಟರಿನ ಚೌಕವೆಂದರೆ ಹತ್ತಿರಹತ್ತಿರ 35 ಎಕರೆ. ನಕ್ಷೆಯಲ್ಲಿ ಬೆಂಕಿಯ ಚುಕ್ಕಿ ಬೀಳುವುದು ಅದರ ನಡುವೆ. ಬೆಂಕಿ ಯಾವ ಮೂಲೆಯಲ್ಲಾದರೂ ಇದ್ದೀತು. ಇಲ್ಲಿನ ನೆಲವೋ, ಕಣಿವೆಯ ತಳದಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಪಕ್ಕಕ್ಕೆ ಹುಲ್ಲುಗಾವಲಿನ ಬ್ಯಾಣ, ಆಚೆ ದಟ್ಟ ಮರಗಳ ಕಾನು. ಇಷ್ಟೂ ಒಂದೇ ಚೌಕದಲ್ಲಿ ಹಿಡಿಸುತ್ತದೆ. ಚುಕ್ಕಿ ನಂಬಿ ಹೋದ ಗಾರ್ಡು ನೀರು ಹಾಯಿಸಿದ ತೋಟದಲ್ಲಿ ನಿಂತು, ಮೇಲೆ ಎಲ್ಲಿ ಚಟಪಟ ಅನ್ನುತ್ತಿದೆ ಎಂದು ಕಿವಿಗೊಡಬೇಕಾಗಬಹುದು. ಬ್ಯಾಣದ ಹುಲ್ಲು ಹತ್ತಿಕೊಂಡರೆ ಮೇಲಿಂದ ಸಲೀಸಾಗಿ ಕಾಣುತ್ತದೆ. ಮರಗಳ ಕೆಳಗೆ, ಮೊಣಕಾಲೆತ್ತರಕ್ಕೂ ಏಳದೆ ಒಣಗಿದೆಲೆಯ ದರಕಿನ ಮೇಲೆ ಹರಿದಾಡುವ ಬೆಂಕಿಯ ಕಾವನ್ನು ಮೇಲಿನ ಹಸಿರೇ ಮುಚ್ಚಿಬಿಡುತ್ತದೆ.

ಹೊತ್ತಿನದೂ ಒಂದು ತೊಡಕು. ವಿಯರ್ಸ್ ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು, ಮತ್ತೆ ನಡುರಾತ್ರಿ ಕಳೆದು ಅದೇ ಹೊತ್ತಿಗೆ. ಸಂಜೆ ನಾಲ್ಕಕ್ಕೆ ಹತ್ತಿ, ಊರವರು ಹಸಿ ಸೊಪ್ಪಿನಲ್ಲಿ ಬಡಿದು ಎಂಟಕ್ಕೆ ಆರಿಸಿದ ಬೆಂಕಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಬೇಗ ಆರಿಸಿದಷ್ಟೂ ದಾಖಲೆಯೇ ಇಲ್ಲದಂತಾಗುವ ವಿಚಿತ್ರ! ಪಂಜಾಬಿನಲ್ಲಿ ಉಪಗ್ರಹ ದಾಟಿದ ಮೇಲೆ ಕೂಳೆ ಸುಡುವುದು ಹೆಚ್ಚಿದೆ ಎಂಬ ಮಾತು 2024ರಲ್ಲಿ ಎದ್ದದ್ದೂ ಇದೇ ಕಿಂಡಿಯಿಂದ.

ಹೊಗೆಯ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ದೊಡ್ಡದು. 2023ರಲ್ಲಿ ಕೆನಡಾದ ಕಾಡಿನ ಹೊಗೆ ಅಟ್ಲಾಂಟಿಕ್ ದಾಟಿದ್ದನ್ನು ಹಿಂಬಾಲಿಸಲು ಉಪಗ್ರಹಕ್ಕಿಂತ ಒಳ್ಳೆಯ ಸಾಧನವಿರಲಿಲ್ಲ. ಆ ಯಶಸ್ಸನ್ನು ಮಲೆನಾಡಿಗೆ ಹಾಗೇ ತಂದು ಹಚ್ಚಲಾಗದು. ಉಪಗ್ರಹ ಸಾಮಾನ್ಯವಾಗಿ ಅಳೆಯುವುದು ನೆಲದಿಂದ ಆಕಾಶದವರೆಗಿನ ಒಟ್ಟು ಮಬ್ಬನ್ನು. ಅದರಲ್ಲಿ ಹೊಗೆಯೆಷ್ಟು, ಧೂಳೆಷ್ಟು, ಘಟ್ಟ ಹತ್ತಿ ಬಂದ ಕಡಲ ಉಪ್ಪೆಷ್ಟು ಎಂದು ಬಿಡಿಸುವುದು ಕಷ್ಟ. ಮಬ್ಬು ಮೂಗಿನ ಮಟ್ಟದಲ್ಲಿದೆಯೋ ಮೋಡದ ಮಟ್ಟದಲ್ಲಿದೆಯೋ ಎಂಬುದಂತೂ ಆ ಅಂಕಿಯಲ್ಲಿ ಇಲ್ಲವೇ ಇಲ್ಲ.

ಅಘನಾಶಿನಿ, ಬೇಡ್ತಿ ಕಣಿವೆಗಳಲ್ಲಿ ರಾತ್ರಿಯ ತಂಪು ಗಾಳಿ ತಳಕ್ಕಿಳಿದು ಹೊಗೆಯನ್ನು ಅಲ್ಲೇ ಕೂರಿಸುತ್ತದೆ. ಬಿಸಿಲೇರಿದ ಮೇಲೆ ಅದು ಚದುರುತ್ತದೆ. ಮುಂಜಾನೆ ಕೊಟ್ಟಿಗೆಗೆ ಹೋದವರನ್ನು ಕೆಮ್ಮಿಸಿದ ಹೊಗೆ ಮಧ್ಯಾಹ್ನದ ಚಿತ್ರದಲ್ಲಿ ಇರುವುದಿಲ್ಲ. ಅರ್ಧ ಗಂಟೆಗೊಮ್ಮೆ ನೋಡುವ ಇನ್ಸಾಟ್-3ಡಿಆರ್ ಉಪಗ್ರಹ ಇದೆಯಲ್ಲ ಎನ್ನಬಹುದು. ಆದರೆ ಬೆಂಕಿ ಗುರುತಿಸುವ ಅದರ ಉಷ್ಣ ಚೌಕ 4 ಕಿಲೋಮೀಟರಿನದು. ಬೆಳಗಿನ ಹೊತ್ತು ಮಂಜೂ ಹೊಗೆಯೂ ಮೇಲಿಂದ ಒಂದೇ ಬಿಳುಪು ಬೇರೆ. ಇದರ ಜೊತೆ ಅಡಿಕೆ ಬೇಯಿಸುವ ಒಲೆ, ಆಲೆಮನೆ. ಇವುಗಳ ಹೊಗೆಯನ್ನು ಕಾಡಿನ ಹೊಗೆಯಿಂದ ಬೇರ್ಪಡಿಸಲು ಮೂಗೇ ಸದ್ಯಕ್ಕೆ ವಾಸಿ.

ಹಾಗಾದರೆ ಚುಕ್ಕಿಗಳು ಬೇಡವೇ? ರಸ್ತೆಯಿಲ್ಲದ ಘಟ್ಟದ ಇಳಿಜಾರಿನಲ್ಲಿ ರಾತ್ರಿ ಹತ್ತಿದ ಬೆಂಕಿಯನ್ನು ಹೇಳುವವರು ಬೇರೆ ಯಾರೂ ಇಲ್ಲ. ಅಷ್ಟಕ್ಕೇ ಅವು ಬೇಕು. ಚುಕ್ಕಿ ಕಡಿಮೆಯಾದ ವರ್ಷ ಹೊಗೆಯೂ ಕಡಿಮೆ ಎಂದು ವರದಿ ಬರೆಯುವುದು ಮಾತ್ರ ಒಪ್ಪತಕ್ಕದ್ದಲ್ಲ. ಸಂಜೆ ಬೆಂಕಿ ಬಡಿದವರ ಹೊತ್ತು, ಜಾಗ ಅರಣ್ಯ ಇಲಾಖೆಯ ಪುಸ್ತಕಕ್ಕೆ ಏರಬೇಕು. ಕಣಿವೆ ತಳದ ಶಾಲೆಗಳ ಜಗಲಿಯಲ್ಲಿ ಅಗ್ಗದ ಗಾಳಿಮಾಪಕಗಳನ್ನು ತೂಗುಹಾಕಬಹುದು. ಅವುಗಳ ಅಂಕಿಯನ್ನು ಉಪಗ್ರಹದ ಅಂಕಿಯ ಜೊತೆ ತಾಳೆ ನೋಡಲು ಶಿರಸಿಯಲ್ಲೇ ಅರಣ್ಯ ಕಾಲೇಜಿದೆ.