ಪರಸ್ಪರಪರಿಗ್ರಹವೂ ಮುಯ್ಯಿಯ ವಿಚಾರವೂ

ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಕಥಾಸಂಗ್ರಹವು 2013ರಲ್ಲಿ ಪ್ರಕಟವಾಯಿತು. ಸಲಿಂಗಾನುರಾಗಿ ಪುರುಷನ ಬಾಳನ್ನು ಮರೆಮಾಚದೆ ಹೇಳಿದ ಈ ಕೃತಿಯ ಪ್ರಸ್ತಾಪ ಬಂದಾಗಲೆಲ್ಲ ಗ್ರಂಥಕರ್ತರ ಧೈರ್ಯವನ್ನು ಕೊಂಡಾಡುವುದು ರೂಢಿ. ಧೈರ್ಯವು ಕರ್ತೃವಿನ ಗುಣವೇ ಹೊರತು ಕೃತಿಯ ಗುಣವಲ್ಲ. ಆದುದರಿಂದ ಪ್ರಕೃತ ನಾವು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ಪರಸ್ಪರ ಅನುರಕ್ತರಾದ ಇಬ್ಬರು ಪುರುಷರು ಹೋಟೆಲಿನಲ್ಲಿ ಕುಳಿತು ಉಂಡರೆ ಹಣವನ್ನು ಕೊಡತಕ್ಕವನು ಯಾರು?

ಪ್ರಶ್ನೆಯು ಲಘುವೆಂದು ವಾಚಕರು ಎಣಿಸಬಾರದು. ಸ್ತ್ರೀಪುರುಷರ ವಿಷಯದಲ್ಲಿ ಗಂಡಸೇ ಕೊಡಬೇಕೆಂಬ ರೂಢಿಯುಂಟು; ಅದು ನ್ಯಾಯವೋ ಅಲ್ಲವೋ, ಉತ್ತರವಂತೂ ಸಿದ್ಧವಾಗಿದೆ. ಇಬ್ಬರೂ ಗಂಡಸರಾದಾಗ ಆ ರೂಢಿಗೆ ಕಾಲೂರಲು ಸ್ಥಳವಿಲ್ಲ. ಹಿರಿಯನೋ, ಹೆಚ್ಚು ಸಂಬಳದವನೋ, ಕರೆದವನೋ?

ವಾತ್ಸ್ಯಾಯನನು ವೈಶಿಕಾಧಿಕರಣದಲ್ಲಿ ಗಣಿಕೆಯು ಧನವನ್ನು ಪಡೆಯುವ ಉಪಾಯಗಳನ್ನು ವಿಸ್ತಾರವಾಗಿ ಹೇಳಿರುವನು. ಅಲ್ಲಿ ಕೊಡುವವನೂ ಕೊಳ್ಳುವವಳೂ ನಿಯತರು. ನಾಗರಕವೃತ್ತ ಪ್ರಕರಣದಲ್ಲಿಯಾದರೋ ರೀತಿಯೇ ಬೇರೆ: ಗೋಷ್ಠಿಯಲ್ಲಿ ಕೂಡುವವರು ವಿದ್ಯೆ, ಬುದ್ಧಿ, ಶೀಲ, ವಯಸ್ಸುಗಳಲ್ಲಿ ಮಾತ್ರವಲ್ಲದೆ ವಿತ್ತದಲ್ಲಿಯೂ ಸಮಾನರಾಗಿರಬೇಕು, ಪಾನಗೋಷ್ಠಿಗಳು ಒಬ್ಬರೊಬ್ಬರ ಮನೆಗಳಲ್ಲಿ ನಡೆಯಬೇಕು. ಎಂದರೆ, ವೆಚ್ಚವು ಸರದಿಯಿಂದ ಎಲ್ಲರ ಮೇಲೂ ಬೀಳುವುದೆಂದು ನಮ್ಮ ಊಹೆ. ಔಪರಿಷ್ಟಕಾಧ್ಯಾಯದಲ್ಲಿ, ಪರಸ್ಪರ ಹಿತೈಷಿಗಳಾಗಿ ವಿಶ್ವಾಸವು ಬಲಿತ ನಾಗರಕರ ಪ್ರಸ್ತಾಪವು ಬರುವೆಡೆ ‘ಪರಸ್ಪರಪರಿಗ್ರಹ’ವೆಂಬ ಪದವು ಬಂದಿದೆ. ಅಲಾಂ ದಾನಿಯೆಲೂ ಎಂಬ ಫ್ರೆಂಚ್ ವಿದ್ವಾಂಸರು ಇದನ್ನು ವಿವಾಹವೆಂದೇ ಗ್ರಹಿಸಿದರು. ಪ್ರಕರಣವು ಒಂದು ನಿಯತ ಕ್ರಿಯೆಗೆ ಸಂಬಂಧಿಸಿದುದಾದುದರಿಂದ ಆ ಅರ್ಥವು ಅತಿಯಾಯಿತೆಂದೇ ನಮ್ಮ ಮತ. ಆದರೂ ‘ಪರಿಗ್ರಹ’ ಶಬ್ದಕ್ಕೆ ಪತ್ನಿಯೆಂದೂ ಸ್ವೀಕಾರವೆಂದೂ ಎರಡರ್ಥಗಳನ್ನು ಅಮರಸಿಂಹನು ಹೇಳಿರುವುದನ್ನು ಮರೆಯಲಾಗದು. ಸ್ವೀಕಾರವು ಪರಸ್ಪರವಾದಾಗ ದಾತೃವೆಂಬ ಹಿರಿಮೆಯು ಒಬ್ಬನಲ್ಲಿಯೇ ನಿಲ್ಲಲಾರದು.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ಮಾತು ಮುಯ್ಯಿ. ನಲ್ಲೂರಿನಲ್ಲಿಯೂ ಸುತ್ತಣ ಚನ್ನಗಿರಿ ಸೀಮೆಯಲ್ಲಿಯೂ ಮದುವೆಯ ಮನೆಯಲ್ಲಿ ಮುಯ್ಯಿ ಬರೆಯುವವನೊಬ್ಬನು ಪುಸ್ತಕ ಹಿಡಿದು ಕುಳಿತಿರುವುದನ್ನು ಎಲ್ಲರೂ ಬಲ್ಲರು. ಇಂದು ಕೊಟ್ಟುದು ನಾಳೆ ನಮ್ಮ ಮನೆಯ ಮದುವೆಗೆ ಹಿಂದಿರುಗುವುದು. (ಅಡಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಕೊಂಚ ಹೆಚ್ಚಾಗಿಯೂ ಹಿಂದಿರುಗುವುದುಂಟು!) ಮದುವೆಯೇ ಇಲ್ಲದವನು ಮಾತ್ರ ಬಾಳೆಲ್ಲ ಮುಯ್ಯಿ ಮಾಡುತ್ತಲೇ ಇರಬೇಕು, ಅವನ ಹೆಸರಿನಲ್ಲಿ ಪುಸ್ತಕವನ್ನು ತೆರೆಯುವ ದಿನವೇ ಬಾರದು.

‘ಮೋಹನಸ್ವಾಮಿ’ಯನ್ನು ಈ ದೃಷ್ಟಿಯಿಂದ ಓದಬೇಕೆಂಬುದು ನಮ್ಮ ಸೂಚನೆ. ಬೆಂಗಳೂರಿನಲ್ಲಿ ಮೋಹನಸ್ವಾಮಿಯೊಡನೆ ಒಂದೇ ಸೂರಿನಡಿ ಬಾಳಿದ ಕಾರ್ತಿಕನು ಹೆಣ್ಣನ್ನು ಮದುವೆಯಾಗಲು ಹೊರಡುತ್ತಾನೆ. ಇದನ್ನು ಬರಿಯ ವಿರಹವೆಂದು ಬೋಧಿಸಿದರೆ ಅರ್ಧವನ್ನು ಬಿಟ್ಟಂತೆ. ಕಾರ್ತಿಕನಿಗೆ ಕೈಹಿಡಿಯುವವಳ ಜೊತೆಗೆ ಬಂಧುಗಳ ಮುಯ್ಯಿಯೂ ದೊರೆಯುವುದು. ಮೋಹನಸ್ವಾಮಿಯು ವರ್ಷಗಟ್ಟಲೆ ಕೊಟ್ಟುದಕ್ಕೆ ಸಾಕ್ಷಿಯೂ ಇಲ್ಲ, ಬರಹವೂ ಇಲ್ಲ. ವಿಪ್ರಲಂಭದ ಲಕ್ಷಣಗಳಲ್ಲಿ ಈ ನಷ್ಟಕ್ಕೆ ಹೆಸರನ್ನು ನಾವು ಕಾಣೆವು. ಮುಯ್ಯಿಗೆ ಹಗೆ ತೀರಿಸುವುದೆಂಬ ಅರ್ಥವೂ ಉಂಟಾದುದರಿಂದ, ಜೊತೆಯಲ್ಲಿ ಕುಡಿದ ಕಾಫಿಗಳನ್ನೆಲ್ಲ ಎಣಿಸುವ ಪ್ರೇಮಿಯನ್ನು ನಾವು ಸಮರ್ಥಿಸುವುದಿಲ್ಲ. ಕರೆದವನು ಕೊಡಲಿ, ಮುಂದಿನ ಸಲ ಮತ್ತೊಬ್ಬನು ಕರೆಯಲಿ. ವಿತ್ತವು ಸಮವಲ್ಲದೆಡೆ ಬಡವನು ಕರೆಯುವ ಸ್ಥಳವು ಅಗ್ಗವಾಗಿರಲಿ, ಧನಿಕನು ಅದನ್ನು ಸಂತೋಷದಿಂದ ಉಣ್ಣಲಿ. ಎಲ್ಲವನ್ನೂ ತಾನೇ ಕೊಡುವೆನೆಂಬವನು ಔದಾರ್ಯದ ಹೆಸರಿನಲ್ಲಿ ಒಡೆತನವನ್ನು ಬಯಸುತ್ತಿರಬಹುದು.

ಈ ಸಂಗ್ರಹವು ಬಂದ ವರ್ಷವೇ, ಡಿಸೆಂಬರ್ 11ರಂದು, ಸರ್ವೋಚ್ಚ ನ್ಯಾಯಾಲಯವು 377ನೆಯ ಕಲಮನ್ನು ಎತ್ತಿಹಿಡಿಯಿತು; 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯುಳ್ಳ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ವಿವಾಹದ ಹಕ್ಕನ್ನು 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಒಪ್ಪಲಿಲ್ಲ. ಆದರೆ ಇಂತಹ ಇಬ್ಬರು ಬ್ಯಾಂಕಿನಲ್ಲಿ ಜಂಟಿ ಖಾತೆಯನ್ನು ತೆರೆಯಲು ಅಡ್ಡಿಯಿಲ್ಲವೆಂದು 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಸ್ಪಷ್ಟಪಡಿಸಿತು. ಮೋಹನಸ್ವಾಮಿಯ ಕಾಲಕ್ಕೆ ಇಲ್ಲದಿದ್ದ ಈ ಸ್ಪಷ್ಟೀಕರಣವು ಮುಂದಣ ಕಥೆಗಾರರಿಗೆ ವಸ್ತುವಾಗಬಹುದು.